ಹಾಡಿಗೊಂದು ಅಂಕಿತ: ನನ್ನ ಮೆಚ್ಚಿನ ಧ್ವನಿಮುದ್ರಿಕೆಗಳು

ನನ್ನ ಮೆಚ್ಚಿನ ಹಾಡುಗಳ ಬಗ್ಗೆ ಬರೆಯಬೇಕೆಂದು ನಿಮ್ಮಲ್ಲಿ ಕೆಲವರು ಬಹಳ ದಿನಗಳಿಂದ ಕೇಳುತ್ತಿದ್ದೀರಿ. ಹಾಡುಗಳೆಂದರೆ ಪಟ್ಟಿಗೆ ಕೊನೆಯಿಲ್ಲ. ಆದ್ದರಿಂದ ಧ್ವನಿಮುದ್ರಿಕೆಗಳಿಗಷ್ಟೇ, ಅಂದರೆ ಗ್ರಾಮಫೋನ್ ತಟ್ಟೆ, ಲಾಂಗ್ ಪ್ಲೇ ತಟ್ಟೆ ಮತ್ತು ಕ್ಯಾಸೆಟ್ಟುಗಳಿಗೆ, ನನ್ನ ಬರಹವನ್ನು ಸೀಮಿತಗೊಳಿಸುತ್ತೇನೆ. ಒಂದೊಂದನ್ನೂ ನಾನು ಮೆಚ್ಚಿದ್ದು ಅದರ ಕಂಠಕ್ಕಾಗಿ, ರಾಗಕ್ಕಾಗಿ, ಸಾಹಿತ್ಯಕ್ಕಾಗಿ. ಆದರೆ ಇವನ್ನೆಲ್ಲ ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದಾಗ ಅವುಗಳ ನಡುವೆ ಹಾದುಹೋಗಿರುವ ಒಂದು ಎಳೆ ಕಣ್ಣಿಗೆ ಬಿತ್ತು. 'ಈ ಹಾಡು ಯಾರದು?' ಎಂಬ ಪ್ರಶ್ನೆಯೇ ಆ ಎಳೆ. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ಒಂದೊಂದು ಮುದ್ರಿಕೆಯೂ ಈ ಪ್ರಶ್ನೆಗೆ ತನ್ನದೇ ಆದ ಉತ್ತರವನ್ನು ಕೊಟ್ಟಿದೆ.

ಮೊದಲನೆಯದು ಗೌಹರ್ ಜಾನ್ ಅವರ ತಟ್ಟೆ. 1902ರ ನವೆಂಬರ್ ತಿಂಗಳಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞ ಕಲ್ಕತ್ತೆಗೆ ಬಂದು, ಹೋಟೆಲೊಂದರ ಕೋಣೆಯಲ್ಲಿ ತನ್ನ ಯಂತ್ರಗಳನ್ನು ಹೂಡಿ, ಭಾರತೀಯ ಗಾಯಕರ ಧ್ವನಿಯನ್ನು ಮುದ್ರಿಸಿಕೊಂಡ. ಅಂದು ಮೈಕು ಇರಲಿಲ್ಲ. ಗಾಯಕಿ ದೊಡ್ಡದೊಂದು ಕಹಳೆಯೊಳಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಆ ಕಂಪನ ಇನ್ನೊಂದು ತುದಿಯಲ್ಲಿ ಮೇಣದ ಮೇಲೆ ಗೆರೆಯಾಗಿ ಕೊರೆಯಲ್ಪಡಬೇಕು. ಹಾಡಿಗೆ ದೊರೆಯುತ್ತಿದ್ದ ಅವಧಿ ಹೆಚ್ಚೆಂದರೆ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹರಡಿಕೊಳ್ಳುವ ರಾಗವನ್ನು ಅಷ್ಟರೊಳಗೆ ಅಡಕಗೊಳಿಸುವ ವಿದ್ಯೆಯನ್ನು ಗೌಹರ್ ಜಾನ್ ಬಹುಬೇಗ ಕರಗತ ಮಾಡಿಕೊಂಡರು. ಅವರ ತಟ್ಟೆಗಳಲ್ಲಿ ಹಾಡು ಮುಗಿದೊಡನೆ ಆಕೆ ಇಂಗ್ಲಿಷಿನಲ್ಲಿ, ತುಸು ಗತ್ತಿನಿಂದಲೇ, ತಮ್ಮ ಹೆಸರು ಗೌಹರ್ ಜಾನ್ ಎಂದು ಘೋಷಿಸುವುದು ಕೇಳಿಸುತ್ತದೆ. ಇದು ಜಂಭವಲ್ಲ. ಮೇಣದ ಮೂಲಗಳು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಅಲ್ಲಿ ತಟ್ಟೆಗಳಾಗಿ ಅಚ್ಚಾಗಬೇಕಾಗಿತ್ತು. ನಮ್ಮ ಭಾಷೆಗಳನ್ನರಿಯದ ಅಲ್ಲಿನ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ತಿಳಿಯಲು ಇದ್ದ ಉಪಾಯ ಇದು. 1908ರಲ್ಲಿ ಕಲ್ಕತ್ತೆಯಲ್ಲಿ ಕಾರ್ಖಾನೆ ಪ್ರಾರಂಭವಾದ ಮೇಲೆ ತಟ್ಟೆಗಳು ಇಲ್ಲಿಯೇ ಸಿದ್ಧವಾಗತೊಡಗಿದವು. ಅವು ಅರಗಿನ ತಟ್ಟೆಗಳು, ಕೈ ಜಾರಿದರೆ ಹಂಚಿನಂತೆ ಒಡೆಯುವಂಥವು.

ಗೌಹರ್ ಜಾನ್ ಅವರಿಗೂ ನಮ್ಮ ನಾಡಿಗೂ ಒಂದು ಸಂಬಂಧವಿದೆ. ದೇಶದ ಉದ್ದಗಲಕ್ಕೂ ಕೀರ್ತಿ ಗಳಿಸಿದ ಆಕೆ ಬದುಕಿನ ಸಂಜೆಯಲ್ಲಿ ಆಶ್ರಯ ಪಡೆದದ್ದು ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ಸಂಗೀತಗಾರ್ತಿಯನ್ನಾಗಿ ನೇಮಿಸಿಕೊಂಡರು. 1930ರ ಜನವರಿ 17ರಂದು ಆಕೆ ಮೈಸೂರಿನಲ್ಲಿಯೇ ತೀರಿಕೊಂಡರು. ಆಸ್ತಿ ಕರಗಿತು, ಬಂಧುಗಳು ದೂರವಾದರು. ಆದರೆ ತಟ್ಟೆಯ ಕೊನೆಯಲ್ಲಿ ತಾವೇ ನುಡಿದಿಟ್ಟ ಹೆಸರು ಇಂದಿಗೂ ಅವರದೇ ದನಿಯಲ್ಲಿ ಉಳಿದಿದೆ. ಈ ತಟ್ಟೆ ನನಗೆ ಪ್ರಿಯವಾಗಿರುವುದು ಆ ಕಾರಣಕ್ಕಾಗಿ.

ಎರಡನೆಯದು ಉಸ್ತಾದ್ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿ. ಉತ್ತರಪ್ರದೇಶದ ಕೈರಾನಾದಲ್ಲಿ ಹುಟ್ಟಿ ಮಿರಜಿನಲ್ಲಿ ನೆಲೆಸಿದ ಖಾನ್‌ಸಾಹೇಬರು ಧಾರವಾಡ-ಹುಬ್ಬಳ್ಳಿ ಸೀಮೆಗೂ ಮೈಸೂರಿನ ಆಸ್ಥಾನಕ್ಕೂ ಬಂದುಹೋಗುತ್ತಿದ್ದರು. ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದವರು, ಅವರ ಶಿಷ್ಯರು. 1922ರಲ್ಲಿ ಜನಿಸಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಂಗಡಿಯೊಂದರಲ್ಲಿ ಈ ತಟ್ಟೆಯನ್ನು ಕೇಳಿ ಮರುಳಾದರೆಂಬುದು ಪ್ರಸಿದ್ಧ ಸಂಗತಿ. ಹನ್ನೊಂದರ ಹರೆಯದಲ್ಲಿ ಗುರುವನ್ನರಸಿ ಗದುಗಿನ ಮನೆಯನ್ನು ಬಿಟ್ಟ ಆ ಹುಡುಗ, ಎಲ್ಲೆಲ್ಲೋ ಅಲೆದು, ಕಡೆಗೆ ಬಂದು ಸೇರಿದ್ದು ಖಾನ್‌ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಪದತಲವನ್ನೇ. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾದಾಗ ನನಗೆ ಮೊದಲು ನೆನಪಾದದ್ದು ಮೂರು ನಿಮಿಷದ ಆ ತಟ್ಟೆ. ಶಿಷ್ಯನಿದ್ದಲ್ಲಿಗೇ ಗುರುವಿನ ಕಂಠ ನಡೆದುಬರುವುದು ತಟ್ಟೆಗಳಿಗೆ ಮೊದಲು ಸಾಧ್ಯವಿರಲಿಲ್ಲ. ಗುರುಕುಲದ ಬಾಗಿಲಿಗೆ ಹೋಗಲಾರದವರಿಗೂ ಅಂಗಡಿಯ ಬಾಗಿಲು ತೆರೆದಿತ್ತು.

ಆದರೆ ಇಲ್ಲಿಯೂ ಹೆಸರಿನ ಪ್ರಶ್ನೆ ಇದೆ. ತಟ್ಟೆಯ ನಡುವಿನ ಪುಟ್ಟ ಚೀಟಿಯಲ್ಲಿ ಗಾಯಕರ ಹೆಸರು, ರಾಗದ ಹೆಸರು, ಕಂಪನಿಯ ಹೆಸರು ಮತ್ತು ಸಂಖ್ಯೆ ಇಷ್ಟಕ್ಕೆ ಜಾಗ. ತಬಲಾ, ಸಾರಂಗಿ ನುಡಿಸಿದವರ ಹೆಸರುಗಳು ಆ ಕಾಲದ ತಟ್ಟೆಗಳ ಮೇಲೆ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಅವರ ಕೈಚಳಕವನ್ನು ನಾವು ಕೇಳುತ್ತೇವೆ. ಅವರು ಯಾರೆಂದು ಕೇಳುವುದಿಲ್ಲ.

ಹೆಸರು ಇದ್ದೂ ಬೇರೆಯಾದ ಪ್ರಸಂಗ ಗಂಗೂಬಾಯಿ ಹಾನಗಲ್ ಅವರದು. 1913ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು, ಇನ್ನೂ ಬಾಲಕಿಯಾಗಿದ್ದಾಗ, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದವರು. 1930ರ ದಶಕದಲ್ಲಿ ಎಚ್‌ಎಂವಿ, ಅಂದರೆ ನಮ್ಮ ಜನ 'ನಾಯಿ ಮಾರ್ಕು' ಎನ್ನುತ್ತಿದ್ದ ಕಂಪನಿ, ಅವರ ತಟ್ಟೆಗಳನ್ನು ಹೊರತಂದಾಗ ಅವುಗಳ ಮೇಲೆ ಅಚ್ಚಾಗಿದ್ದ ಹೆಸರು 'ಗಾಂಧಾರಿ ಹಾನಗಲ್'. ಕೇಳಿದವರು ಗಾಂಧಾರಿಯನ್ನು ಮೆಚ್ಚಿದರು. ಗಂಗೂಬಾಯಿ ತಮ್ಮ ಸ್ವಂತ ಹೆಸರನ್ನು ಕಛೇರಿಯಿಂದ ಕಛೇರಿಗೆ ಹಾಡಿ ಸ್ಥಾಪಿಸಿಕೊಂಡರು. ಆ ತಟ್ಟೆಗಳಲ್ಲಿ ಇನ್ನೊಂದು ಸೋಜಿಗವಿದೆ. ನಾವು ಬಲ್ಲ ಗಂಗೂಬಾಯಿಯವರದು ಗಂಭೀರವಾದ, ಕಂಚಿನ ಗಂಟೆಯಂಥ ಕಂಠ. ತಟ್ಟೆಯ ಗಾಂಧಾರಿಯದಾದರೋ ಎತ್ತರದ, ತೆಳುವಾದ, ಹೆಣ್ಣುಮಗುವಿನ ಮುಗ್ಧತೆಯನ್ನು ಇನ್ನೂ ಉಳಿಸಿಕೊಂಡ ಕಂಠ. ಗಂಟಲಿಗೆ ಚಿಕಿತ್ಸೆಯಾದ ಮೇಲೆ ಅವರ ದನಿ ಬದಲಾಯಿತು. ಅನೇಕರು ಹಾಡುವುದನ್ನೇ ನಿಲ್ಲಿಸಿಬಿಡುವಂಥ ಆ ಸನ್ನಿವೇಶದಲ್ಲಿ ಅವರು ಬದಲಾದ ದನಿಗೆ ತಕ್ಕ ಗಾಂಭೀರ್ಯವನ್ನು ಸಾಧಿಸಿ, 2009ರಲ್ಲಿ ತೀರಿಕೊಳ್ಳುವವರೆಗೂ ಕಿರಾಣಾ ಘರಾಣೆಯ ಹಿರಿಯ ಚೇತನವಾಗಿ ಉಳಿದರು. ಕಳೆದುಹೋದ ದನಿ ಮಾತ್ರ ಗಾಂಧಾರಿಯ ಹೆಸರಿನ ತಟ್ಟೆಗಳಲ್ಲಿ ಉಳಿದಿದೆ. ಇವರಿಬ್ಬರೂ ಒಬ್ಬರೇ ಎಂದು ಬಲ್ಲವರು ಹೇಳದಿದ್ದರೆ ಮುಂದಿನವರಿಗೆ ತಿಳಿಯುವುದು ಹೇಗೆ?

ಇನ್ನು ಪಿ. ಕಾಳಿಂಗರಾಯರು. ಉಡುಪಿ ಜಿಲ್ಲೆಯ ಆರೂರಿನಲ್ಲಿ 1914ರಲ್ಲಿ ಜನಿಸಿ, ವೃತ್ತಿನಾಟಕದ ಕಂಪನಿಯಲ್ಲಿ ಪಳಗಿ, ಕನ್ನಡ ಕವಿಗಳ ಪದ್ಯಗಳನ್ನು ಸಭೆಗಳಲ್ಲಿ ಹಾಡುವುದನ್ನೇ ಬದುಕಾಗಿಸಿಕೊಂಡವರು. ಮೋಹನಕುಮಾರಿ ಮತ್ತು ಸೋಹನಕುಮಾರಿಯವರೊಡನೆ ಅವರು ಹಾಡಿದ ತಟ್ಟೆಗಳು ನನ್ನ ಬಾಲ್ಯದ ನಿಧಿ. ನಮ್ಮ ಊರಿನಲ್ಲಿ ಒಬ್ಬರ ಮನೆಯಲ್ಲಿ ಮಾತ್ರ ಗ್ರಾಮಫೋನ್ ಇತ್ತು. ಹಬ್ಬದ ಸಂಜೆ ಅದನ್ನು ಜಗುಲಿಗೆ ತಂದು ಕೀ ಕೊಟ್ಟು ಮುಳ್ಳು ಬದಲಿಸಿ ತಟ್ಟೆ ಹಾಕಿದರೆ ಓಣಿಯೇ ಅಲ್ಲಿ ನೆರೆಯುತ್ತಿತ್ತು. ಡಿ.ವಿ.ಜಿ.ಯವರ ಅಂತಃಪುರ ಗೀತೆ, ಕುವೆಂಪು, ಬೇಂದ್ರೆ, ರಾಜರತ್ನಂ ಅವರ ಹೆಂಡಗುಡುಕ ರತ್ನ ಇವರೆಲ್ಲರೂ ಪುಸ್ತಕವನ್ನು ಮುಟ್ಟದವರ ಕಿವಿಯನ್ನು ತಲುಪಿದ್ದು ಹೀಗೆ. ಅದುವರೆಗೆ ಸಂಗೀತವೆಂದರೆ ದೇವರನಾಮ, ಕೀರ್ತನೆ, ನಾಟಕದ ಹಾಡು. ಪದ್ಯವೆಂದರೆ ಶಾಲೆಯಲ್ಲಿ ಕಂಠಪಾಠ ಮಾಡತಕ್ಕದ್ದು. ಈ ಎರಡರ ನಡುವಿನ ಗೋಡೆಯನ್ನು ಕೆಡವಿದವರು ಕಾಳಿಂಗರಾಯರು. ಇಂದು ಸುಗಮ ಸಂಗೀತವೆಂದು ನಾವು ಕರೆಯುವ ಮಾರ್ಗಕ್ಕೆ ಕನ್ನಡದಲ್ಲಿ ಹಾದಿ ಹಾಕಿದವರಲ್ಲಿ ಅವರು ಅಗ್ರಗಣ್ಯರು. 1981ರಲ್ಲಿ ಅವರು ತೀರಿಕೊಂಡರು.

ಇಲ್ಲಿ ಒಂದು ಮಾತು ಹೇಳಬೇಕು. ಹಾಡಿನೊಳಗೆ ಹೆಸರನ್ನಿಡುವ ವಿದ್ಯೆಯನ್ನು ನಾವು ಗ್ರಾಮಫೋನ್ ಕಂಪನಿಯಿಂದ ಕಲಿಯಬೇಕಾಗಿರಲಿಲ್ಲ. ವಚನಕಾರರಲ್ಲಿ, ಹರಿದಾಸರಲ್ಲಿ ಅದು ನೂರಾರು ವರ್ಷ ಹಳೆಯದು, ಅದನ್ನೇ ಅಂಕಿತವೆನ್ನುತ್ತೇವೆ. ಪುರಂದರದಾಸರದು ಪುರಂದರವಿಠಲ, ಕನಕದಾಸರದು ಕಾಗಿನೆಲೆಯಾದಿಕೇಶವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಅಂಕಿತದಲ್ಲಿರುವುದು ಕವಿಯ ಸ್ವಂತ ಹೆಸರಲ್ಲ, ಇಷ್ಟದೈವದ ಹೆಸರು. ತನ್ನನ್ನು ಮರೆಸಿಕೊಂಡು ದೇವರನ್ನು ಹೆಸರಿಸುವ ವಿನಯದಿಂದಲೇ ಕವಿಯ ಗುರುತೂ ಉಳಿಯುವಂತಾಯಿತು. ನನ್ನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ರೇಡಿಯೋದಲ್ಲಿ ದೇವರನಾಮವೊಂದು ಬಂದರೆ ಬೀಸುವ ಕೈಯನ್ನು ನಿಲ್ಲಿಸಿ ಕೊನೆಯ ಚರಣದವರೆಗೂ ಕಾಯುತ್ತಿದ್ದರು; ಅಂಕಿತ ಬಂದೊಡನೆ "ಇದು ಕನಕದಾಸರದು ಕಣೋ" ಎಂದು ಹೇಳಿ ಮತ್ತೆ ಬೀಸತೊಡಗುತ್ತಿದ್ದರು. ಕಾಗದವಿಲ್ಲದೆ, ಓದುಬರಹವಿಲ್ಲದೆ, ಹಾಡಿನ ಒಡೆತನವನ್ನು ಐದು ಶತಮಾನ ಕಾಪಾಡಿಕೊಂಡು ಬಂದ ಕ್ರಮವಿದು.

ಈ ಕಾರಣಕ್ಕಾಗಿ ಇಬ್ಬರು ಹಿಂದುಸ್ತಾನಿ ಗಾಯಕರ ಕನ್ನಡ ಮುದ್ರಿಕೆಗಳು ನನ್ನ ಪಟ್ಟಿಯಲ್ಲಿ ಜೊತೆಜೊತೆಯಾಗಿವೆ. ಒಂದು, ಭೀಮಸೇನ ಜೋಶಿಯವರ 'ದಾಸವಾಣಿ'. ತುಂಬು ಕಂಠದಿಂದ ಅವರು ಪುರಂದರವಿಠಲನ ಹೆಸರನ್ನು ಎತ್ತಿ ನಿಲ್ಲಿಸುವಾಗ ಖ್ಯಾಲಿನ ಗಾಯಕ ಗದುಗಿನ ಮಗನಾಗಿಬಿಡುತ್ತಾರೆ. ಮತ್ತೊಂದು, ಧಾರವಾಡದ ಬಳಿಯ ಮನಸೂರಿನ ಮಲ್ಲಿಕಾರ್ಜುನರು ಹಾಡಿದ ಅಕ್ಕಮಹಾದೇವಿಯ ಕನಸಿನ ವಚನ. ಜಯಪುರ ಘರಾಣೆಯ ಜಟಿಲ ರಾಗಗಳಲ್ಲಿ ವಿಹರಿಸಿದ ಅವರು ಇಲ್ಲಿ ಒಂದು ಸ್ವರವನ್ನೂ ವ್ಯರ್ಥವಾಗಿ ಬಳಸುವುದಿಲ್ಲ. ಚೆನ್ನಮಲ್ಲಿಕಾರ್ಜುನನ ಅಂಕಿತವನ್ನು ಮಲ್ಲಿಕಾರ್ಜುನನೆಂಬ ಹೆಸರಿನ ಗಾಯಕರೇ ಹಾಡುವಾಗ ಕೇಳುವ ನನಗೆ ಮೈ ಜುಮ್ಮೆನ್ನುತ್ತದೆ.

1963ರಲ್ಲಿ ಹೊರಬಂದ ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ ಇನ್ನೊಂದು ಬಗೆಯದು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತಿನ ತಟ್ಟೆಯ ಬದಲು ಮೂವತ್ತಮೂರೂ ಮೂರನೆಯ ಒಂದರಷ್ಟು ಸುತ್ತು ತಿರುಗುವ ಲಾಂಗ್ ಪ್ಲೇ ತಟ್ಟೆ ಬಂದದ್ದರಿಂದ ಒಂದೊಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಹೆಚ್ಚಿನ ಗಾಯನ ಹಿಡಿಯುವಂತಾಯಿತು. ಇಡಿಯ ಸ್ತೋತ್ರವನ್ನು ತುಂಡರಿಸದೆ ಕೇಳುವುದು ಸಾಧ್ಯವಾಯಿತು. ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದಿನಿಂದ, ದೇವಸ್ಥಾನದ ಗೋಪುರದ ಧ್ವನಿವರ್ಧಕದಿಂದ, ಅಕ್ಕಪಕ್ಕದ ಮನೆಗಳಿಂದ ಒಂದೇ ಕಂಠ ಬೆಳಗನ್ನು ತೆರೆಯತೊಡಗಿತು. ಮೊದಲ ಶ್ಲೋಕ ವಾಲ್ಮೀಕಿ ರಾಮಾಯಣದ್ದು. ಸುಪ್ರಭಾತವನ್ನು ರಚಿಸಿದವರು ಹದಿನೈದನೆಯ ಶತಮಾನದ ಪ್ರತಿವಾದಿ ಭಯಂಕರಂ ಅಣ್ಣನ್. ಕೊನೆಯ ಮಂಗಳಾಶಾಸನದ ಭಾಗದಲ್ಲಿ ಅವರು ತಮ್ಮ ಗುರುಗಳಾದ ಮಣವಾಳ ಮಾಮುನಿಗಳ ಹೆಸರನ್ನು ಸಂಸ್ಕೃತದ ರೂಪದಲ್ಲಿ ಇಟ್ಟಿದ್ದಾರೆ. ತಮ್ಮ ಹೆಸರನ್ನು ಇಡಲಿಲ್ಲ. ಪ್ರತಿದಿನ ಲಕ್ಷಾಂತರ ಮನೆಗಳಲ್ಲಿ ಕೇಳಿಬರುವ ಕಾವ್ಯದ ಕವಿ ಯಾರೆಂದು ಕೇಳಿದರೆ ಬಹುಮಂದಿ ಸುಬ್ಬುಲಕ್ಷ್ಮಿಯವರ ಹೆಸರನ್ನೇ ಹೇಳುತ್ತಾರೆ. ಆ ಮಹಾಗಾಯಕಿಗೂ ಇದು ಒಪ್ಪಿಗೆಯಾಗುತ್ತಿರಲಿಲ್ಲ.

ಆಮೇಲೆ ಕ್ಯಾಸೆಟ್ಟಿನ ಯುಗ ಬಂದಿತು. ತಟ್ಟೆಯನ್ನು ಅಚ್ಚುಹಾಕಲು ದೊಡ್ಡ ಕಾರ್ಖಾನೆ ಬೇಕು; ಕ್ಯಾಸೆಟ್ಟಿಗೆ ಬೇಡ. ಬೆಲೆ ಕಡಮೆ, ಒಡೆಯುವ ಭಯವಿಲ್ಲ, ಬಸ್ಸಿನಲ್ಲಿಯೂ ಹಾಕಬಹುದು, ಸುತ್ತು ಸಡಿಲಾದರೆ ಪೆನ್ಸಿಲ್ ತೂರಿಸಿ ತಿರುಗಿಸಿದರಾಯಿತು. ಮದರಾಸು, ಕಲ್ಕತ್ತೆ, ಮುಂಬಯಿಗಳ ಕಡೆಗೆ ನೋಡುತ್ತಿದ್ದ ಕನ್ನಡದ ಹಾಡು ತನ್ನ ಕಾಲಮೇಲೆ ತಾನು ನಿಂತದ್ದು ಈ ಪುಟ್ಟ ಪೆಟ್ಟಿಗೆಯಿಂದ. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಪ್ರಸಿದ್ಧವಾದ 'ನಿತ್ಯೋತ್ಸವ' 1978ರಲ್ಲಿ ಬಂದಿತು. ಕವಿತೆಗಳು ಕೆ.ಎಸ್. ನಿಸಾರ್ ಅಹಮದರವು, ರಾಗಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ನಿಸಾರರು ವೃತ್ತಿಯಿಂದ ಭೂವಿಜ್ಞಾನದ ಅಧ್ಯಾಪಕರು. ನಾಡಿನ ನೆಲ-ಜಲಗಳನ್ನು ತಾಯಿಯ ಪೂಜೆಗೆ ಅಣಿಗೊಳಿಸಿದ ಆ ಕವಿತೆಯಲ್ಲಿ ಕಲ್ಲುಮಣ್ಣುಗಳನ್ನು ಬಲ್ಲವರ ಪ್ರೀತಿಯಿದೆ. ಕವನ ಸಂಕಲನವೊಂದರ ಹೆಸರು ಕಿರಾಣಿ ಅಂಗಡಿಯ ಬಾಯಲ್ಲಿಯೂ ನಿಂತದ್ದು ಆ ಕ್ಯಾಸೆಟ್ಟಿನ ದೆಸೆಯಿಂದ. ಜನರು ಕವಿಯನ್ನು 'ನಿತ್ಯೋತ್ಸವದ ಕವಿ' ಎಂದೇ ಕರೆದರು. 2020ರಲ್ಲಿ ಅವರು ತೀರಿಕೊಂಡ ದಿನವೂ ಪತ್ರಿಕೆಗಳು ಅದೇ ಬಿರುದಿನಿಂದ ಅವರನ್ನು ನೆನೆದವು.

ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ನೆನಪಿರಬಹುದು. ಶಾಲೆಗೆ ಇದ್ದುದು ಒಂದೇ ಟೇಪ್ ರೆಕಾರ್ಡರು. ಅದನ್ನು ತರಗತಿಗೆ ತಂದು ಈ ಕ್ಯಾಸೆಟ್ಟನ್ನು ಹಾಕಿದ ದಿನ, ಪದ್ಯ ಒಪ್ಪಿಸಲು ತಡವರಿಸುತ್ತಿದ್ದ ಮಕ್ಕಳು ಕೂಡ ಎರಡು ಸಲ ಕೇಳಿ ಪೂರ್ತಿಯಾಗಿ ಹೇಳಿದರು. ಆದರೆ ಅವರು ಅದನ್ನು 'ಟೇಪಿನ ಹಾಡು' ಎನ್ನುತ್ತಿದ್ದರು. ಅಂದಿನಿಂದ ಯಾವ ಹಾಡು ಹಾಕಿದರೂ ಮೊದಲು ಕರಿಹಲಗೆಯ ಮೇಲೆ ಮೂರು ಸಾಲು ಬರೆಯುವುದನ್ನು ರೂಢಿಮಾಡಿಕೊಂಡೆ: ಬರೆದವರು, ರಾಗ ಹಾಕಿದವರು, ಹಾಡಿದವರು. ನಿಮ್ಮಲ್ಲಿ ಕೆಲವರು ಇದಕ್ಕೆ 'ಮೇಷ್ಟ್ರ ಮೂರು ಸಾಲು' ಎಂದು ತಮಾಷೆ ಮಾಡುತ್ತಿದ್ದಿರಿ. ನನಗೆ ಗೊತ್ತಿತ್ತು.

ಈ ಮೂವರಲ್ಲಿ ಬಹುಬೇಗ ಮರೆಯಾಗುವವರು ರಾಗ ಹಾಕಿದವರು. ನಮ್ಮ ನಾಡಗೀತೆಯನ್ನು ನಾವೆಲ್ಲ ದಶಕಗಳ ಕಾಲ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಿದೆವು. ಕುವೆಂಪು ಅವರ ಹೆಸರನ್ನು ಮಕ್ಕಳು ಬಲ್ಲರು. ಧಾಟಿ ಯಾರದೆಂದು ಕೇಳಿದರೆ ಉತ್ತರವಿರುತ್ತಿರಲಿಲ್ಲ. ಅನಂತಸ್ವಾಮಿಯವರು 1995ರಲ್ಲಿ ನಿಧನರಾದರು. ಯಾವ ಧಾಟಿ, ಎಷ್ಟು ಹೊತ್ತು ಎಂಬ ಚರ್ಚೆಗಳು ನಡೆದು, 2022ರಲ್ಲಿ ಸರ್ಕಾರ ಅವರ ಧಾಟಿಯನ್ನೇ ಅಧಿಕೃತಗೊಳಿಸಿ, ಎರಡು ನಿಮಿಷ ಮೂವತ್ತು ಸೆಕೆಂಡಿನ ಅವಧಿಯನ್ನು ಗೊತ್ತುಪಡಿಸಿತು. ಹಳೆಯ ಅರಗಿನ ತಟ್ಟೆಯ ಒಂದು ಬದಿಯಲ್ಲಿ ಸರಿಯಾಗಿ ಹಿಡಿಸುವಷ್ಟು ಕಾಲ ಅದು.

ಪಟ್ಟಿಯ ಕಡೆಯದು ಸಿ. ಅಶ್ವಥ್ ಅವರು ರಾಗ ಹಾಕಿದ ಶಿಶುನಾಳ ಶರೀಫರ ಗೀತೆಗಳ ಕ್ಯಾಸೆಟ್ಟು. 1819ರಲ್ಲಿ ಜನಿಸಿ 1889ರಲ್ಲಿ ಕಾಲವಾದ ಶರೀಫರು ಕೆಲಕಾಲ ನನ್ನಂತೆಯೇ ಶಾಲಾಮಾಸ್ತರರಾಗಿದ್ದವರು. ಮುಸಲ್ಮಾನ ಶಿಷ್ಯ, ಬ್ರಾಹ್ಮಣ ಗುರು ಗೋವಿಂದಭಟ್ಟರು. ಆ ಗುರುಶಿಷ್ಯರ ಬಾಂಧವ್ಯದಿಂದ ಹುಟ್ಟಿದ ಹಾಡುಗಳು ನೂರು ವರ್ಷ ಉತ್ತರ ಕರ್ನಾಟಕದ ಭಜನೆಯ ಮೇಳಗಳಲ್ಲಿ, ಏಕತಾರಿಯ ಜೊತೆಯಲ್ಲಿ ಬಾಯಿಂದ ಬಾಯಿಗೆ ನಡೆದುಬಂದವು. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಅವುಗಳ ಪ್ರಚಾರಕ್ಕೆ ಶ್ರಮಿಸಿದರು. ದೂರವಾಣಿ ಕಾರ್ಖಾನೆಯಾದ ಐಟಿಐಯಲ್ಲಿ ನೌಕರರಾಗಿದ್ದ ಅಶ್ವಥ್ ತಮ್ಮ ಏರುಕಂಠದಿಂದ ಅವುಗಳಿಗೆ ಹೊಸ ಕಸುವು ತುಂಬಿದರು. ಶಿವಮೊಗ್ಗ ಸುಬ್ಬಣ್ಣನವರು ಜೊತೆಗೂಡಿದರು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರವೂ ಬಂದಿತು. ಸಂಗೀತ ಅಶ್ವಥ್ ಅವರದೇ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರವೇ ನೆರೆದದ್ದು ಈ ಕ್ಯಾಸೆಟ್ಟುಗಳು ಮನೆಮನೆಯಲ್ಲಿ ಬಿತ್ತಿದ ಬೆಳೆಯ ಕೊಯ್ಲು ಎಂದೇ ನನ್ನ ಭಾವನೆ. ಶರೀಫರ ಪ್ರತಿಯೊಂದು ಹಾಡೂ ಶಿಶುನಾಳಾಧೀಶನ ಅಂಕಿತದಿಂದ ಸ್ಪಷ್ಟವಾಗಿ ಗುರುತು ಹೇಳುತ್ತದೆ. ಆದರೂ ಕೊನೆಯ ಚರಣದವರೆಗೆ ಕಾಯದವರು ಅದನ್ನು 'ಯಾವುದೋ ಜನಪದ ಗೀತೆ' ಎಂದುಬಿಡುತ್ತಾರೆ. ಅಂಕಿತ ಹಾಡಿನಲ್ಲಿದ್ದರೆ ಸಾಲದು, ಅದನ್ನು ಕೇಳುವಷ್ಟು ತಾಳ್ಮೆ ಕಿವಿಗೂ ಇರಬೇಕು.

ನಾನು ಹೇಳಬೇಕೆಂದಿರುವ ಮಾತು ಇಲ್ಲಿದೆ. ತಟ್ಟೆಗೆ ನಡುವಿನ ಚೀಟಿಯಿತ್ತು. ಲಾಂಗ್ ಪ್ಲೇ ತಟ್ಟೆಗೆ ದೊಡ್ಡ ರಟ್ಟಿನ ಹೊದಿಕೆಯಿತ್ತು. ಅದರ ಬೆನ್ನಿನ ಮೇಲೆ ಓದಲು ಒಂದು ಪುಟದಷ್ಟು ವಿಷಯವಿರುತ್ತಿತ್ತು. ಕ್ಯಾಸೆಟ್ಟಿನ ಪೆಟ್ಟಿಗೆಯೊಳಗೆ ಮಡಿಸಿಟ್ಟ ಕಾಗದದಲ್ಲಿ ಕವಿ, ಸಂಯೋಜಕ, ಗಾಯಕರ ಹೆಸರುಗಳಿರುತ್ತಿದ್ದವು. ಕೆಲವದರಲ್ಲಿ ಕೊಳಲು, ತಬಲಾ, ವಯಲಿನ್ ನುಡಿಸಿದವರದೂ. ಇಂದು ಹಾಡು ಮಾತ್ರ ಕೈಗಡಿಯಾರಕ್ಕಿಂತ ಹಗುರಾಗಿ ಜಗತ್ತಿನ ಈ ಮೂಲೆಯಿಂದ ಆ ಮೂಲೆಗೆ ಹಾರುತ್ತದೆ, ಚೀಟಿ ಹಾರುವುದಿಲ್ಲ. ನಿಮ್ಮಲ್ಲಿ ಹಲವರು ಪ್ರೀತಿಯಿಂದ ನನಗೆ ಕಳುಹಿಸುವ ಹಾಡುಗಳ ಜೊತೆಗೆ 'ಮಧುರ ಗೀತೆ', 'ಹಳೆಯ ನೆನಪು' ಎಂದಷ್ಟೇ ಇರುತ್ತದೆ. ದಾಸರು ತಮ್ಮ ಹಾಡನ್ನು ಅಂಕಿತದಿಂದ ಕಾಪಾಡಿಕೊಂಡರು. ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ನುಡಿದಿಟ್ಟರು. ಆಧುನಿಕ ಕವಿಗೆ ಆ ರೂಢಿಯಿಲ್ಲ. ರಾಗ ಹಾಕಿದವರಿಗೆ, ಪಕ್ಕವಾದ್ಯದವರಿಗೆ ಅವಕಾಶವೇ ಇಲ್ಲ. ಅವರ ಅಂಕಿತವನ್ನು ಬರೆಯಬೇಕಾದವರು ಕೇಳುಗರಾದ ನಾವು.

ಆದ್ದರಿಂದ ಒಂದು ಕೋರಿಕೆ. ಹಾಡು ಕಳುಹಿಸುವಾಗ ಆ ಮೂರು ಸಾಲುಗಳನ್ನು ಸೇರಿಸಿ. ಹೊರದೇಶದಲ್ಲಿರುವವರಂತೂ ಮಕ್ಕಳಿಗೆ ಹಾಡನ್ನು ಕೇಳಿಸುವಾಗ ಹೆಸರನ್ನೂ ಹೇಳಿ. ಆ ಮಕ್ಕಳಿಗೆ ಇದನ್ನು ಹೇಳಿಕೊಡುವವರು ಬೇರೆ ಯಾರೂ ಇರುವುದಿಲ್ಲ. ಊರಿನ ಮನೆಯ ಅಟ್ಟದಲ್ಲಿ ಕ್ಯಾಸೆಟ್ಟುಗಳ ಡಬ್ಬವಿದ್ದರೆ ಮನೆ ಸ್ವಚ್ಛಮಾಡುವ ಭರದಲ್ಲಿ ಎಸೆಯಬೇಡಿ. ಥಂಡಿಗೆ ಟೇಪಿನ ಮೇಲೆ ಬೂಷ್ಟು ಹಿಡಿಯುತ್ತದೆ, ಸುರುಳಿ ಅಂಟಿಕೊಳ್ಳುತ್ತದೆ. ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಹಾಡು ಬೇರೆ ಕಡೆ ಎಲ್ಲಿಯಾದರೂ ಸಿಕ್ಕೀತು, ಒಳಗಿನ ಕಾಗದ ಸಿಗಲಾರದು. ಡಬ್ಬ ಕೈಗೆ ಬಂದ ದಿನವೇ ಮೊದಲು ಆ ಕಾಗದವನ್ನು ಬಿಡಿಸಿ ಅದರ ಚಿತ್ರ ತೆಗೆದಿಡಿ. ಹಾಡನ್ನು ಆಮೇಲೆ ಕೇಳಿದರಾಯಿತು.